ಯಾವ ಶಾಲೆ?

ಕನ್ನಡ ಕಲಿಸುವ ಗುರುಗಳ ಮಗನು ಕನ್ನಡ ಶಾಲೆಗೇ ಬರಬೇಕಲ್ಲವೆ? ಬಾಲಮಿತ್ರರಲ್ಲಿ ಕೆಲವರು ಕೇಳಿದ ಈ ಪ್ರಶ್ನೆ ನ್ಯಾಯವಾದುದೇ. ವಾಗ್ಳೆ ಎಸ್ಟೇಟಿನ ನಮ್ಮ ಪುಟ್ಟ ಮನೆಯಲ್ಲಿಯೂ ಎರಡು ವರ್ಷಗಳಿಂದ ಇದೇ ಚರ್ಚೆ ನಡೆದಿದೆ.

ನಮ್ಮ ಮಗನಿಗೆ ಏಳು ವರ್ಷ. ಅವನಿಗೆ ಸ್ವಲೀನತೆ ಇದೆ. ವೈದ್ಯರು ಇದನ್ನು ಆಟಿಸಂ ಎನ್ನುವರು. 1943ರಲ್ಲಿ ಅಮೆರಿಕದ ಲಿಯೋ ಕ್ಯಾನರ್ ಎಂಬ ವೈದ್ಯರು 11 ಮಕ್ಕಳನ್ನು ಕುರಿತು ಬರೆದ ಲೇಖನದಿಂದ ಇದರ ಪರಿಚಯ ಲೋಕಕ್ಕಾಯಿತು. ಇದು ಅಂಟುರೋಗವಲ್ಲ, ಹುಚ್ಚೂ ಅಲ್ಲ. ಮಿದುಳು ಬೆಳೆಯುವ ಬಗೆಯಲ್ಲಿಯೇ ಇರುವ ಭೇದ. ನಮ್ಮ ಬೀದಿಯಲ್ಲಿ ಹಾಯುವ ಟಿ.ಎಂ.ಟಿ. ಬಸ್ಸುಗಳ ನಂಬರುಗಳೆಲ್ಲ ಅವನಿಗೆ ಬಾಯಿಪಾಠ. ಹಸಿವಾಗಿದೆಯೆಂದು ಹೇಳಲು ಮಾತ್ರ ಮಾತು ಹೊರಡದು. ಲಾರಿಯ ಹಾರ್ನ್ ಕೇಳಿದರೆ ಕಿವಿ ಮುಚ್ಚಿಕೊಂಡು ಕುಳಿತುಬಿಡುವನು.

1995ರ ಅಂಗವಿಕಲರ ಕಾನೂನಿನಲ್ಲಿ ಆಟಿಸಂನ ಹೆಸರೇ ಇರಲಿಲ್ಲ. 2016ರ ಅಧಿನಿಯಮದಲ್ಲಿ ಅದು ಸೇರಿದೆ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ, ಇಷ್ಟಬಂದಲ್ಲಿ, ಉಚಿತವಾಗಿ ಕಲಿಯುವ ಹಕ್ಕುಂಟು. ಬಾಗಿಲುಗಳೇನೋ ಎರಡೂ ತೆರೆದವು. ಯಾವುದನ್ನು ಹೊಗಬೇಕೆಂಬುದು ತಂದೆತಾಯಿಗಳ ಪಾಡು.

"ಹುಡುಗ ಜಾಣ ಅದಾನ, ಅವನ್ನ ಯಾಕ ಬ್ಯಾರೆ ಸಾಲಿಗಿ ಹಾಕ್ತೀರಿ?" ಎಂದು ವಿಜಯಪುರದ ಕಡೆಯಿಂದ ಬಂದಿದ್ದ ನಮ್ಮ ಅವ್ವ ಕಣ್ಣೀರು ತಂದಳು. ಊರವರು ಏನೆನ್ನುವರೋ ಎಂಬ ಅಳುಕೂ ಅದರಲ್ಲಿತ್ತು. ಆ ಅಳುಕಿಗೆ ನಾವು ಬೆಲೆ ಕೊಡಲಿಲ್ಲ. ಅವಳ ಪ್ರಶ್ನೆಗೆ ಕೊಟ್ಟೆವು. ಒಂದು ವಿಶೇಷ ಶಾಲೆಗೆ ಹೋಗಿ ದಿನವೆಲ್ಲ ಕುಳಿತು ನೋಡಿದೆವು. ಎಂಟು ಮಕ್ಕಳಿಗೆ ಒಬ್ಬ ಬಾಯಿ. ಗೋಡೆಯ ಮೇಲೆ ಚಿತ್ರಗಳ ಸಾಲು: ಮೊದಲು ಪಾಟಿ, ಆಮೇಲೆ ಊಟ, ಆಮೇಲೆ ಆಟ. ಮುಂದೇನು ಬರುವುದೆಂದು ತಿಳಿದಿದ್ದರಿಂದ ಮಕ್ಕಳು ಗಾಬರಿಗೊಳ್ಳುತ್ತಿರಲಿಲ್ಲ. ನಲವತ್ತು ಮಕ್ಕಳ ನಮ್ಮ ತರಗತಿಯಲ್ಲಿ ಅಷ್ಟು ನಿಗಾ ಇಡುವುದು ನಮ್ಮಿಂದಲೇ ಆಗದು; ಗುರುವಾಗಿ ಇದನ್ನು ಬಲ್ಲೆವು.

ಆದರೆ ಅಲ್ಲಿಯ ಪಾಠ ಮರಾಠಿಯಲ್ಲಿ. ಮನೆಯಲ್ಲಿ ಕನ್ನಡ ಬಿಟ್ಟು ಮರಾಠಿಯನ್ನೇ ಆಡಿರಿ, ಎರಡು ಭಾಷೆ ಮಗುವಿಗೆ ಭಾರ ಎಂದು ಒಬ್ಬರು ಬುದ್ಧಿ ಹೇಳಿದರು. ಇದನ್ನು ನಾವು ಒಪ್ಪಲಿಲ್ಲ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಇಂಥ ಮಕ್ಕಳ ಮಾತು ಹಿಂದೆ ಬೀಳುವುದೆಂದು ಹಲವು ದೇಶಗಳಲ್ಲಿ ನಡೆದ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಮೇಲಾಗಿ, ಅವನಿಗೆ ಇರುವ ಇಪ್ಪತ್ತು ಮೂವತ್ತು ಮಾತುಗಳೆಲ್ಲ ಅವ್ವನಿಂದ ಬಂದ ಕನ್ನಡವೇ. ಅದನ್ನೂ ತೆಗೆದರೆ ಮೊಮ್ಮಗನೂ ಅಜ್ಜಿಯೂ ಯಾವ ಭಾಷೆಯಲ್ಲಿ ಕೂಡಿ ಕುಳಿತಾರು?

ಕಡೆಗೆ ಹೀಗೆ ಗೊತ್ತುಮಾಡಿದೆವು. ಮುಂಜಾನೆ ಅವನು ವಿಶೇಷ ಶಾಲೆಗೆ ಹೋಗುವನು. ಬರುವ ಜೂನ್‌ನಿಂದ, ಮುಖ್ಯ ಗುರುಗಳ ಒಪ್ಪಿಗೆಯಂತೆ, ವಾರಕ್ಕೆರಡು ಮಧ್ಯಾಹ್ನ ನಮ್ಮ ಒಂದನೆಯ ತರಗತಿಯಲ್ಲಿ ಹಾಡು ಮತ್ತು ಚಿತ್ರಕಲೆಯ ಹೊತ್ತಿಗೆ ಬಂದು ಕೂಡುವನು. ವರ್ಷ ಕಳೆದ ಮೇಲೆ ಮತ್ತೆ ನೋಡುವೆವು. ಅವನು ನಿಮ್ಮ ಮುಖ ನೋಡದೆ ಅಂಗಿಯ ಗುಂಡಿಯನ್ನು ನೋಡಿಯಾನು. ಅದನ್ನು ಸೊಕ್ಕೆಂದು ಭಾವಿಸಬೇಡಿರಿ. ಗಂಟೆ ಬಾರಿಸುವ ಮೊದಲು ಯಾರಾದರೊಬ್ಬರು ಅವನಿಗೆ ತಿಳಿಸಿರಿ.