ಬಡ್ಡಿ ಲೆಕ್ಕ ಐದನೇ ಕ್ಲಾಸಿಗೇ ಬರಲಿ

ಸರ್ಕಾರಿ ಶಾಲೆಗಳಲ್ಲಿ ನಡೆಯುವ ಮಕ್ಕಳ ಸಂತೆ ನೋಡಿದ್ದೀರಾ? ನುಗ್ಗೆಸೊಪ್ಪಿನ ಕಟ್ಟು ಮಾರುವ ಪುಟ್ಟ ಹುಡುಗಿ ಚಿಲ್ಲರೆ ಎಣಿಸಿ ಕೊಡುತ್ತಾಳೆ, ಚೌಕಾಸಿಗೆ ಜಗ್ಗುವುದಿಲ್ಲ. ಆದರೆ ಅದು ಒಂದು ದಿನದ ಸಂಭ್ರಮ. ಹಣದ ಪಾಠ ಪ್ರಾಥಮಿಕ ಶಾಲೆಯಲ್ಲೇ ಕಡ್ಡಾಯವಾಗಬೇಕು.

ರಿಸರ್ವ್ ಬ್ಯಾಂಕ್ ನಿಯಮದಲ್ಲಿ 10 ವರ್ಷ ತುಂಬಿದ ಮಕ್ಕಳು ತಾವೇ ಉಳಿತಾಯ ಖಾತೆ ನಡೆಸಲು ಅವಕಾಶವಿದೆ. ಖಾತೆ ಕೊಡುವ ವಯಸ್ಸಿಗೆ ತಿಳಿವಳಿಕೆಯನ್ನೂ ಕೊಡಬೇಡವೇ? ಕೈಸಾಲದವರು ‘ನೂರಕ್ಕೆ ಐದು ರೂಪಾಯಿ ಬಡ್ಡಿ’ ಎನ್ನುವುದು ತಿಂಗಳ ಲೆಕ್ಕ. ವರ್ಷಕ್ಕೆ ಅದು ಶೇ. 60. ಇಷ್ಟು ತಿಳಿಯಲು ಐದರ ಮಗ್ಗಿ ಸಾಕು. ಒಟಿಪಿ ಯಾರಿಗೂ ಹೇಳಬಾರದು ಎಂಬುದೂ ಪಠ್ಯದಲ್ಲಿರಲಿ.

ಪೋಷಕರೇ, ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ದಯವಿಟ್ಟು ಈ ಬೇಡಿಕೆ ಇಡಿ.