ಕಲ್ಪನಾ ಮುಖದ ಅಗಲ

ಬೆಳಿಗ್ಗೆ ಇಡ್ಲಿ ತಿನ್ನಲು ಹೋದ ದರ್ಶಿನಿಯ ಗೋಡೆ ಟಿವಿಯಲ್ಲಿ ‘ಬೆಳ್ಳಿಮೋಡ’ದ ಹಾಡು ಬರುತ್ತಿತ್ತು. ಟಿವಿ ಹೊಸದು, ಅಂಚೇ ಇಲ್ಲವೇನೋ ಎನ್ನುವಷ್ಟು ತೆಳುವು. ಒಳಗೆ ಕಲ್ಪನಾ. ಆದರೆ ಕೆನ್ನೆಗಳು ಎರಡೂ ಕಡೆಗೆ ಹರಡಿಕೊಂಡಿವೆ, ಗದ್ದ ಕುಗ್ಗಿದೆ, ಹಣೆಯ ದುಂಡು ಕುಂಕುಮ ಮೊಟ್ಟೆಯಾಕಾರಕ್ಕೆ ತಿರುಗಿದೆ. ಕಲ್ಯಾಣ್‌ಕುಮಾರ್ ಅವರ ಭುಜ ಬಾಗಿಲಲ್ಲಿ ಹಿಡಿಸದಷ್ಟು ಅಗಲವಾಗಿದೆ. ತ್ರಿವೇಣಿಯವರ ಕಾದಂಬರಿಯ ಇಂದಿರೆಯನ್ನು ಪರದೆಗೆ ತರಲು ಪುಟ್ಟಣ್ಣ ಕಣಗಾಲ್ 1967ರಲ್ಲಿ ಆ ಮುಖವನ್ನು ಎಷ್ಟು ಹತ್ತಿರದಿಂದ, ಯಾವ ಓರೆಯಲ್ಲಿ ಹಿಡಿಯಬೇಕೆಂದು ತಲೆ ಕೆಡಿಸಿಕೊಂಡಿರಬೇಕು! ಅದನ್ನೆಲ್ಲ ರಿಮೋಟಿನ ಒಂದು ಗುಂಡಿ ಅಳಿಸಿಹಾಕಿತ್ತು. ಹೋಟೆಲಿನಲ್ಲಿ ಯಾರಿಗೂ ಅದು ತಾಗಿದಂತೆ ಕಾಣಲಿಲ್ಲ. ನನಗೆ ಮಾತ್ರ ಸಂಕಟವಾಯಿತು, ಇಡ್ಲಿ ಆರಿ ತಣ್ಣಗಾಯಿತು.

ಸಂಕಟ ಹೆಚ್ಚಾಗುವುದಕ್ಕೆ ಇನ್ನೊಂದು ಕಾರಣವಿತ್ತು. ನಮ್ಮ ಮನೆಗೂ ಹೊಸ ಟಿವಿ ಬರಬೇಕಾಗಿದೆ. ಹಳೆಯದರ ಪರದೆಯ ಮೇಲೆ ಗೆರೆಗಳು ಮೂಡಿವೆ. ಸಲಹೆಗಳಿಗೇನೂ ಬರವಿಲ್ಲ. 43 ಇಂಚು ಸಾಲದು, 55 ತನ್ನಿ ಎನ್ನುವವರೇ ಎಲ್ಲ. 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದ ಮೇಲೆ ಈ ಮಾತಿಗೆ ಇನ್ನಷ್ಟು ಬಲ ಬಂದಿದೆ. 4ಕೆ ಇರಲಿ, ಮೆಮೊರಿ ಇಷ್ಟಿರಲಿ, ಎಚ್‌ಡಿಎಂಐ ಇಷ್ಟಿರಲಿ ಎಂಬ ಪಟ್ಟಿ ಯಾವ ಅಂಗಡಿಯ ಹುಡುಗನ ಬಾಯಲ್ಲೂ ಸರಾಗವಾಗಿ ಬರುತ್ತದೆ, ಅದರಲ್ಲಿ ಜಗಳವೇನಿಲ್ಲ. ಇಷ್ಟು ಮಾತ್ರ ಹೇಳಿಬಿಡುತ್ತೇನೆ: 4ಕೆ ಪರದೆಯಲ್ಲಿ 83 ಲಕ್ಷ ಚುಕ್ಕೆಗಳಿವೆ. 55 ಇಂಚಿನ ಪರದೆಯಿಂದ ಹತ್ತು ಅಡಿ ದೂರ ಕೂತರೆ, ಅದರ ಕಾಲುಭಾಗ ಚುಕ್ಕೆಗಳಿರುವ ಸಾಮಾನ್ಯ ಎಚ್‌ಡಿಗೂ ಅದಕ್ಕೂ ಇರುವ ವ್ಯತ್ಯಾಸ ಒಳ್ಳೆಯ ಕಣ್ಣಿಗೂ ತಿಳಿಯುವುದು ಕಷ್ಟ. ಮುಂದಕ್ಕೆ ಹೋಗೋಣ.

ನನಗೆ ಮುಖ್ಯವಾದದ್ದು ಚಿತ್ರದ ಆಕಾರ. ಅಂಗಡಿಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದೂ ಇಲ್ಲ. ಈಗಿನ ಟಿವಿಗಳೆಲ್ಲ 16ಕ್ಕೆ 9ರ ಅಳತೆಯವು. ನಮ್ಮ ಹಳೆಯ ಟಿವಿಗಳು 4ಕ್ಕೆ 3ರ ಅಳತೆಯವು, ಹಳೆಯ ಸಿನಿಮಾಗಳೂ ಹೆಚ್ಚುಕಡಿಮೆ ಅದೇ. ಕನ್ನಡಕ್ಕೆ ಸಿನಿಮಾಸ್ಕೋಪ್ ಬಂದದ್ದೇ 1977ರ ‘ಸೊಸೆ ತಂದ ಸೌಭಾಗ್ಯ’ದಿಂದ. ಅಂದರೆ ‘ಬೇಡರ ಕಣ್ಣಪ್ಪ’, ‘ನಾಂದಿ’, ‘ಗೆಜ್ಜೆಪೂಜೆ’, ‘ಸಂಸ್ಕಾರ’, ‘ನಾಗರಹಾವು’, ನಾವು ಮತ್ತೆ ಮತ್ತೆ ನೋಡಲು ಬಯಸುವ ಬಹುಪಾಲು ಚಿತ್ರಗಳೆಲ್ಲ ಆ ಹೆಚ್ಚು ಅಗಲವಿಲ್ಲದ ಚೌಕಟ್ಟಿನೊಳಗೆ ಹುಟ್ಟಿದವು. ಅಂಥ ಚಿತ್ರವನ್ನು ಇಂದಿನ ಪರದೆಯ ಮೇಲೆ ಸರಿಯಾಗಿ ತೋರಿಸಿದರೆ ಎಡಕ್ಕೂ ಬಲಕ್ಕೂ ಒಂದೊಂದು ಕಪ್ಪು ಪಟ್ಟಿ ಉಳಿಯಬೇಕು. ಆ ಪಟ್ಟಿಯನ್ನು ಕಂಡರೆ ಜನರಿಗೆ ಆಗುವುದಿಲ್ಲ. ದುಡ್ಡು ಕೊಟ್ಟು ತಂದ ಪರದೆ ಖಾಲಿ ಬಿದ್ದಿದೆ ಎನ್ನಿಸುತ್ತದೆ. ಗುಂಡಿ ಒತ್ತಿ ಎಳೆಯುತ್ತಾರೆ. ಎಳೆದಾಗ ಎತ್ತರ ಇದ್ದಷ್ಟೇ ಇದ್ದು ಅಗಲ ಮಾತ್ರ ಮೂರನೇ ಒಂದು ಪಾಲು ಹೆಚ್ಚುತ್ತದೆ. 9 ಬೆರಳಗಲದ ಮುಖ 12 ಬೆರಳಗಲವಾಗುತ್ತದೆ. ಎಳೆಯುವುದು ಬೇಡವೆಂದು ಜ಼ೂಮ್ ಮಾಡಿದರೋ, ಮೇಲೆ ಕೆಳಗೆ ಸೇರಿ ಚಿತ್ರದ ಕಾಲುಭಾಗ ಕತ್ತರಿಸಿ ಹೋಗುತ್ತದೆ. ನಿಂತವರ ಪಾದವಿಲ್ಲ, ನೃತ್ಯ ಮಾಡುವವರ ಗೆಜ್ಜೆಯಿಲ್ಲ.

ಕಪ್ಪು ಪಟ್ಟಿಯಿಂದ ಚಿತ್ರ ಸಣ್ಣದಾಗುತ್ತದೆ ಎಂದು ಕೊರಗುವವರ ಜೊತೆ ಕೂತು ಲೆಕ್ಕ ಹಾಕಲು ನಾನು ತಯಾರು. 43 ಇಂಚಿನ ಟಿವಿಯ ಎತ್ತರ ಸುಮಾರು 53 ಸೆಂಟಿಮೀಟರ್. ಅದರಲ್ಲಿ ಹಳೆಯ ಅಳತೆಯ ಚಿತ್ರ 71 ಸೆಂಟಿಮೀಟರ್ ಅಗಲಕ್ಕೆ ನಿಲ್ಲುತ್ತದೆ, ಎರಡೂ ಬದಿಗೆ 12 ಸೆಂಟಿಮೀಟರ್ ಕಪ್ಪು. ಒಂದು ಕಾಲಕ್ಕೆ ಮನೆಮಂದಿ, ನೆರೆಮನೆಯವರು ಎಲ್ಲ ಸೇರಿ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದ 21 ಇಂಚಿನ ಟಿವಿಯ ಚಿತ್ರದ ಅಗಲ 43 ಸೆಂಟಿಮೀಟರ್ ಮೀರುತ್ತಿರಲಿಲ್ಲ. ಪಟ್ಟಿಗಳನ್ನು ಬಿಟ್ಟರೂ ನಮಗೆ ಸಿಗುವುದು ವಿಸ್ತೀರ್ಣದಲ್ಲಿ ಅಂದಿನ ಚಿತ್ರದ ಎರಡೂವರೆ ಪಟ್ಟಿಗೂ ದೊಡ್ಡದು. ಇಷ್ಟು ದೊಡ್ಡ ಕಲ್ಪನಾರನ್ನು ನಾವು ಮನೆಯೊಳಗೆ ಯಾವತ್ತೂ ನೋಡಿರಲಿಲ್ಲ. ಇನ್ನೂ ಎಳೆಯುವುದು ಯಾಕೆ?

ಚಿತ್ರವನ್ನು ಎಳೆಯುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಸಿನಿಮಾಸ್ಕೋಪಿನ ಗುಟ್ಟೇ ಎಳೆಯುವುದರಲ್ಲಿತ್ತು. ಕ್ಯಾಮೆರಾದ ಮುಂದಿನ ವಿಶೇಷ ಮಸೂರ ಅಗಲವಾದ ದೃಶ್ಯವನ್ನು ಅರ್ಧಕ್ಕೆ ಒತ್ತಿ ಫಿಲ್ಮಿನ ಮೇಲೆ ಇಳಿಸುತ್ತಿತ್ತು. ರೀಲನ್ನು ಬಿಡಿಸಿ ಬೆಳಕಿಗೆ ಹಿಡಿದರೆ ಅದರಲ್ಲಿ ಮನುಷ್ಯರೆಲ್ಲ ಸಣಕಲು, ಉದ್ದುದ್ದ. ಥಿಯೇಟರಿನ ಪ್ರೊಜೆಕ್ಟರಿಗೆ ಹಾಕಿದ ಇನ್ನೊಂದು ಮಸೂರ ಅಷ್ಟೇ ಪ್ರಮಾಣದಲ್ಲಿ ಎಳೆದು ಅವರನ್ನು ಮತ್ತೆ ಅವರಾಗಿಸುತ್ತಿತ್ತು. ಒತ್ತಿದ್ದನ್ನು ಎಳೆದರೆ ಮುಖ ತನ್ನ ಅಳತೆಗೆ ಮರಳುತ್ತದೆ. ಒತ್ತದೆ ಇದ್ದದ್ದನ್ನು ಎಳೆದರೆ ಆಗುವುದು ದರ್ಶಿನಿಯಲ್ಲಿ ಕಂಡದ್ದು.

ಸಿನಿಮಾಸ್ಕೋಪ್ ಎಂದೊಡನೆ ವಿ. ಕೆ. ಮೂರ್ತಿ ನೆನಪಾಗುತ್ತಾರೆ. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಕ್ಯಾಮೆರಾ ಕಲಿತು, ಮುಂಬೈಗೆ ಹೋಗಿ ಗುರುದತ್ ಅವರ ಕಣ್ಣಾದವರು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ, 1959ರ ‘ಕಾಗಜ಼್ ಕೆ ಫೂಲ್’, ಅವರ ಕೆಲಸ. ಕನ್ನಡದಲ್ಲಿ ಮಾಡಿದ್ದು ‘ಹೂವು ಹಣ್ಣು’. ಅದೂ ತ್ರಿವೇಣಿಯವರದೇ ಕಾದಂಬರಿ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ. ಇಷ್ಟಿದ್ದೂ ನಮ್ಮ ಊರುಗಳಲ್ಲಿ ಅವರ ಹೆಸರು ಹೇಳಿದರೆ ತಟ್ಟನೆ ಗುರುತಿಸುವವರು ಕಡಿಮೆ. ನಟರ ಹೆಸರಿನ ಸರ್ಕಲ್ಲುಗಳು ಬೇಕಾದಷ್ಟಿವೆ. ಬೆಳಕು ಹಿಡಿದವರ ಹೆಸರಿನದು ಒಂದಾದರೂ ಇರಲಿ ಎಂದು ನನ್ನ ಆಸೆ.

‘ಕಾಗಜ಼್ ಕೆ ಫೂಲ್’ನ ಹಾಡೊಂದರಲ್ಲಿ ಖಾಲಿ ಸ್ಟುಡಿಯೊದ ಕತ್ತಲೆಗೆ ಮೇಲಿನಿಂದ ಬೆಳಕಿನ ದೊಡ್ಡ ಕೋಲೊಂದು ಇಳಿಯುತ್ತದೆ. ಸ್ಟುಡಿಯೊದ ದೀಪಗಳಿಂದ ಅಂಥ ನೇರವಾದ ಕೋಲು ಸಿಗದೆಂದು ಮೂರ್ತಿ ಹೊರಗಿನ ಬಿಸಿಲನ್ನೇ ದೊಡ್ಡ ಕನ್ನಡಿಗಳಿಂದ ಒಳಕ್ಕೆ ತಿರುಗಿಸಿದರು. ಆ ಬೆಳಕು ಬೆಳಕಾಗಿ ಕಾಣುವುದು ಸುತ್ತಲಿನ ಕಪ್ಪಿನಿಂದ. ಹಾಗಾಗಿ ಆಕಾರದ ನಂತರ ನಾನು ಟಿವಿಯಲ್ಲಿ ಹುಡುಕುವುದು ಕಪ್ಪನ್ನು. ಅಂಗಡಿಯಲ್ಲಿ ಅದು ಕಾಣುವುದಿಲ್ಲ. ಅಲ್ಲಿ ಸೂರು ತುಂಬ ಟ್ಯೂಬ್‌ಲೈಟುಗಳು, ಪರದೆ ತುಂಬ ಗಿಳಿ, ಹೂವು, ಕತ್ತರಿಸಿದ ಹಣ್ಣು. ಬಣ್ಣವನ್ನು ಪೂರ್ತಿ ಏರಿಸಿಟ್ಟಿರುತ್ತಾರೆ. ಯಾವ ಟಿವಿಯಾದರೂ ಅಲ್ಲಿ ಕಣ್ಣು ಸೆಳೆಯುತ್ತದೆ. ಪೆನ್‌ಡ್ರೈವಿನಲ್ಲಿ ಒಂದು ಕಪ್ಪುಬಿಳುಪು ಚಿತ್ರದ ರಾತ್ರಿಯ ದೃಶ್ಯ ಒಯ್ದು ಹಾಕಿಸಿ ನೋಡಬೇಕು. ಎಲ್‌ಇಡಿ ಎಂದು ಮಾರುವ ಟಿವಿಗಳಲ್ಲಿ ಎಲ್‌ಸಿಡಿ ಪರದೆಯ ಹಿಂದೆ ದೀಪಗಳು ಸದಾ ಉರಿಯುತ್ತವೆ, ಪರದೆ ಎಷ್ಟು ಬಿಗಿಯಾಗಿ ತಡೆದರೂ ಸ್ವಲ್ಪ ಬೆಳಕು ಸೋರಿ ಕಪ್ಪು ಬೂದಿಯಾಗುತ್ತದೆ. ಓಎಲ್‌ಇಡಿಯಲ್ಲಿ ಪ್ರತಿ ಚುಕ್ಕೆಯೂ ತಾನೇ ಉರಿದು ತಾನೇ ಆರುತ್ತದೆ, ಅಲ್ಲಿ ಕಪ್ಪೆಂದರೆ ಕಪ್ಪೇ. ಬೆಲೆ ಮಾತ್ರ ಬಹಳ. ಅದಲ್ಲದೆ ದಿನವಿಡೀ ಸುದ್ದಿ ಚಾನೆಲ್ ಓಡುವ ಮನೆಯಲ್ಲಿ ಮೂಲೆಯ ಲಾಂಛನ, ಕೆಳಗಿನ ಕೆಂಪು ಪಟ್ಟಿ ಕ್ರಮೇಣ ಪರದೆಯಲ್ಲೇ ಅಚ್ಚಾಗಿ ಉಳಿಯುವ ಅಪಾಯವೂ ಇದೆ.

ಅಂಗಡಿಯಲ್ಲಿ ಇನ್ನೊಂದನ್ನೂ ಕೇಳಬೇಕು. ಸಿನಿಮಾ ಸೆಕೆಂಡಿಗೆ 24 ಚಿತ್ರಗಳ ಕಲೆ. ಈಗಿನ ಟಿವಿಗಳು ಎರಡು ಚಿತ್ರಗಳ ನಡುವೆ ತಾವೇ ಒಂದಷ್ಟು ಚಿತ್ರ ಕಲ್ಪಿಸಿ ತುಂಬುತ್ತವೆ. ಚಲನೆ ನುಣುಪಾಗುತ್ತದೆ ನಿಜ, ಆದರೆ ರಾಜ್‌ಕುಮಾರ್ ಕತ್ತಿವರಸೆ ಯಾರೋ ಅಂಗಳದಲ್ಲಿ ವಿಡಿಯೊ ಹಿಡಿದ ತಾಲೀಮಿನಂತೆ ಕಾಣತೊಡಗುತ್ತದೆ. ಇದನ್ನು ದಯವಿಟ್ಟು ಆಫ್ ಮಾಡಿ ಎಂದು 2018ರಲ್ಲಿ ಟಾಮ್ ಕ್ರೂಸ್ ಅವರೇ ವಿಡಿಯೊ ಮಾಡಿ ಬೇಡಿಕೊಂಡರು. ಮರುವರ್ಷ ತಯಾರಕರ ಒಕ್ಕೂಟವೊಂದು ‘ಫಿಲ್ಮ್‌ಮೇಕರ್ ಮೋಡ್’ ಎಂಬ ಏರ್ಪಾಟನ್ನು ತಂದಿತು. ಅದನ್ನು ಒತ್ತಿದರೆ ಈ ನುಣುಪು ಆರುತ್ತದೆ, ಬಣ್ಣ ಹದಕ್ಕೆ ಬರುತ್ತದೆ, ಚಿತ್ರದ ಆಕಾರವೂ ಮೂಲದಲ್ಲಿದ್ದಂತೆಯೇ ಉಳಿಯುತ್ತದೆ. ನಾನು ಕೊಳ್ಳುವ ಟಿವಿಯಲ್ಲಿ ಬೇರೇನಿಲ್ಲದಿದ್ದರೂ ಅದು ಇರಲೇಬೇಕು.

ಉಳಿದದ್ದು ಮನೆಯಲ್ಲಿ ಯಾರು ಎಲ್ಲಿ ಕೂರುತ್ತಾರೆ ಎಂಬುದು. ಓಎಲ್‌ಇಡಿ ಎಟುಕದವರಿಗೆ ಎರಡು ಜಾತಿಯ ಪರದೆಗಳಿವೆ, ವಿಎ ಮತ್ತು ಐಪಿಎಸ್. ವಿಎಯಲ್ಲಿ ಕಪ್ಪು ಚೆನ್ನ; ಅದರ ಬೆಳಕಿಗೂ ಕತ್ತಲೆಗೂ ಇರುವ ಅಂತರ ಐಪಿಎಸ್‌ಗಿಂತ ಮೂರು ಪಟ್ಟಿಗೂ ಹೆಚ್ಚಿರುತ್ತದೆ. ಆದರೆ ಅದು ನೇರ ಎದುರಿಗೆ ಕೂತವರಿಗೆ. ಪಕ್ಕಕ್ಕೆ ಸರಿದರೆ ಬಣ್ಣ ಬಿಳಿಚಿಕೊಳ್ಳುತ್ತದೆ. ಐಪಿಎಸ್ ಯಾವ ಮೂಲೆಯಿಂದ ನೋಡಿದರೂ ಬಹುಮಟ್ಟಿಗೆ ಒಂದೇ ಥರ, ಕಪ್ಪು ಮಾತ್ರ ಬೂದಿ. ಅಂಗಡಿಯವರು ಯಾವುದು ಯಾವುದೆಂದು ಹೇಳದಿದ್ದರೆ ಟಿವಿಯ ಪಕ್ಕಕ್ಕೆ ಹೋಗಿ ನಿಂತು ನೋಡಿದರಾಯಿತು, ತಾನಾಗಿ ತಿಳಿಯುತ್ತದೆ.

ಕಪ್ಪಿನ ಮೇಲೆ ಇಷ್ಟು ಪ್ರೀತಿಯಿರುವ ನಾನು ವಿಎಗೇ ಹೋಗಬೇಕು. ಆದರೆ ನಮ್ಮ ಮನೆಗಳಲ್ಲಿ ಎಲ್ಲರೂ ಟಿವಿಯ ನೇರಕ್ಕೆ ಕೂರುವುದಿಲ್ಲ. ಸೋಫಾ ಒಬ್ಬಿಬ್ಬರದು. ಒಬ್ಬರು ದಿವಾನದ ಮೇಲೆ ಒರಗಿರುತ್ತಾರೆ, ಮಕ್ಕಳು ನೆಲದ ಮೇಲೆ, ಹುರುಳಿಕಾಯಿ ಬಿಡಿಸುವವರು ಮೊರ ಹಿಡಿದು ಗೋಡೆಗೆ ಬೆನ್ನು ಕೊಟ್ಟು. ಎಲ್ಲಕ್ಕಿಂತ ಓರೆಯಲ್ಲಿ ನಿಲ್ಲುವವರು ಅಡುಗೆಮನೆಯ ಬಾಗಿಲಿನವರು, ಕೈಯಲ್ಲಿ ಸೌಟು. ಒಳಗೆ ಕುಕ್ಕರ್ ಕೂಗುವವರೆಗೆ ಅವರಿಗೆ ಸಿಕ್ಕಷ್ಟೇ ಚಿತ್ರ. ಟಿವಿ ಕೊಳ್ಳುವ ಮಾತಿಗೆ ಕೂತವರು ಈ ಬಾಗಿಲಿನವರ ಕೋನವನ್ನು ಅಳೆದದ್ದನ್ನು ನಾನು ಎಲ್ಲೂ ಕೇಳಿಲ್ಲ. ನೇರ ಕೂತವರ ಕಪ್ಪು ಸ್ವಲ್ಪ ಬೂದಿಯಾದರೂ ಆಗಲಿ, ಬಾಗಿಲಲ್ಲಿ ನಿಂತವರಿಗೆ ಮುಖ ಮುಖದಂತೆ ಕಾಣಲಿ ಎಂದು ನನ್ನ ಮನಸ್ಸು ಐಪಿಎಸ್ ಕಡೆಗೆ ತಿರುಗಿದೆ.

ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಬರುತ್ತಿದ್ದ ಕಾಲಕ್ಕೆ ಎಷ್ಟೋ ಮನೆಗಳ ಹೆಂಗಸರು ಅದನ್ನು ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ಎಲ್. ವೈದ್ಯನಾಥನ್ ಅವರ ಶೀರ್ಷಿಕೆ ಸಂಗೀತ ಒಲೆಯ ಮುಂದೆ ನಿಂತವರಿಗೂ ಬಾಯಿಪಾಠವಾಗಿತ್ತು. ಸ್ವಾಮಿಯ ಮುಖ ಅವರಿಗೆ ಕಂಡದ್ದು ಅಲ್ಲೊಮ್ಮೆ ಇಲ್ಲೊಮ್ಮೆ. ಅಡುಗೆಮನೆ ನಡುಮನೆಯಿಂದ ದೂರ, ಒಳಗೆಲ್ಲೋ ಇರುತ್ತಿತ್ತು. ಈಗಿನ ಫ್ಲ್ಯಾಟುಗಳಲ್ಲಿ ಓಪನ್ ಕಿಚನ್ ಬಂದಿದೆ, ನಡುವೆ ಗೋಡೆಯೇ ಇಲ್ಲ. ಆದರೂ ಒಲೆಯ ಕಟ್ಟೆಯನ್ನು ಹೊರಗೋಡೆಗೆ ಹಚ್ಚಿ ಕಟ್ಟುತ್ತಾರೆ. ಅಡುಗೆ ಮಾಡುವವರು ಪೂರ್ವಕ್ಕೆ ಮುಖ ಮಾಡಬೇಕೆಂಬ ವಾಸ್ತುವಿನ ನಿಯಮವನ್ನು ಸೇರಿಸಿ ಹಾಲಿಗೆ ಅವರ ಬೆನ್ನು ಬರುವಂತೆ ಮಾಡಿಬಿಡುತ್ತಾರೆ. ಗೋಡೆ ಕೆಡವಿದ್ದರ ಲಾಭ ಸೋಫಾದವರಿಗೆ ಹೋಯಿತು, ಒಗ್ಗರಣೆಯ ವಾಸನೆ ನೇರವಾಗಿ ಬರುತ್ತದೆ ಅಷ್ಟೇ. ಒಲೆ ಹಾಲಿನ ಕಡೆಗೆ ತಿರುಗಬೇಕು. ನೀರು, ಗ್ಯಾಸಿನ ಕೊಳವೆಗಳನ್ನು ನೆಲದಡಿ ನಡುಕಟ್ಟೆಯವರೆಗೆ ತರುವುದು ಮನೆ ಕಟ್ಟುವಾಗಲೇ ಮಾಡಿಕೊಂಡರೆ ದೊಡ್ಡ ಕೆಲಸವಲ್ಲ. ವಾಸ್ತು ಬೇಕೆನ್ನುವವರು ಟಿವಿಯನ್ನೇ ಪೂರ್ವದ ಗೋಡೆಗೆ ಹಾಕಲಿ. ಆಗ ರೊಟ್ಟಿ ತಟ್ಟುವವರ ಮುಖವೂ ಪೂರ್ವಕ್ಕೇ ಇರುತ್ತದೆ, ಸಿನಿಮಾವೂ ಎದುರಿಗೇ ಇರುತ್ತದೆ. ಹೊಸ ಮನೆಯ ನಕ್ಷೆ ಬರೆಸಲು ಹೊರಟಿರುವ ನನ್ನ ಗೆಳೆಯರೊಬ್ಬರಿಗೆ ಇದನ್ನು ಇವತ್ತೇ ಫೋನು ಮಾಡಿ ಹೇಳಬೇಕು, ಪಾಯ ತೆಗೆಸುವ ಮೊದಲು.