ಏರುವ ದೋಣಿ, ಇಳಿಯುವ ದೋಣಿ

ಎಂ.ಎ. ಓದುವಾಗ ನಮಗೆ ಜೋಸೆಫ್ ಕಾನ್ರಾಡ್‌ನ 'ಹಾರ್ಟ್ ಆಫ್ ಡಾರ್ಕ್‌ನೆಸ್' ಪಠ್ಯವಾಗಿತ್ತು. ಅದರಲ್ಲಿ ಬರುವ ನದಿ ಯಾವುದರ ಸಂಕೇತ ಎಂಬುದರ ಮೇಲೆ ಬಿಸಿಬಿಸಿ ಚರ್ಚೆ ನಡೆಯುತ್ತಿತ್ತು. ಆ ಕಾದಂಬರಿಯನ್ನು ಟೀಕಿಸಿ 1975ರಲ್ಲಿ ಚಿನುವಾ ಅಚಿಬೆ ಮಾಡಿದ ಭಾಷಣವನ್ನು ಓದಿದ ಮೇಲಂತೂ ತರಗತಿ ಎರಡು ಪಕ್ಷವಾಯಿತು. ನನ್ನನ್ನು ಹಿಡಿದುಕೊಂಡದ್ದು ಮಾತ್ರ ಒಂದು ಸಣ್ಣ ಪ್ರಶ್ನೆ. 1890ರಲ್ಲಿ ಕಾನ್ರಾಡ್ ಸ್ಟೀಮರ್ ಹತ್ತಿ ಕಾಂಗೋ ನದಿಯಲ್ಲಿ ಮೇಲಕ್ಕೆ ಹೋದನಲ್ಲ, ಅವನಿಗಿಂತ ಮುಂಚೆ ಆ ದಾರಿಯಲ್ಲಿ ಯಾರು ಹೋಗುತ್ತಿದ್ದರು? ಏನನ್ನು ಹೊತ್ತುಕೊಂಡು?

ಕಾಂಗೋ ಸುಮಾರು 4,700 ಕಿ.ಮೀ. ಉದ್ದದ ನದಿ. ಭೂಮಧ್ಯರೇಖೆಯನ್ನು ಎರಡು ಸಲ ದಾಟುತ್ತದೆ. ಹಾಗಾಗಿ ಅದರ ಜಲಾನಯನದಲ್ಲಿ ಒಂದು ಕಡೆ ಮಳೆ ನಿಂತರೆ ಇನ್ನೊಂದು ಕಡೆ ಸುರಿಯುತ್ತಿರುತ್ತದೆ, ನದಿ ವರ್ಷವಿಡೀ ತುಂಬಿ ಹರಿಯುತ್ತದೆ. ಕಿನ್ಶಾಸಾದಿಂದ ಕಿಸಂಗಾನಿಯವರೆಗೆ ಸುಮಾರು 1,700 ಕಿ.ಮೀ. ದೂರ ಜಲಪಾತದ ಅಡ್ಡಿಯೇ ಇಲ್ಲ. ಉಪನದಿಗಳನ್ನೂ ಸೇರಿಸಿದರೆ ದಟ್ಟ ಕಾಡಿನ ನಡುವೆ ಸಾವಿರಾರು ಕಿಲೋಮೀಟರ್ ನೀರಿನ ದಾರಿ ಸಿಗುತ್ತದೆ.

ಈ ದಾರಿಯಲ್ಲಿ ಯುರೋಪಿನವರು ಬರುವ ಮೊದಲೇ ಬೊಬಾಂಗಿ ಎಂಬ ವರ್ತಕ ಜನ ದೊಡ್ಡ ದೋಣಿಗಳಲ್ಲಿ ವ್ಯಾಪಾರ ನಡೆಸುತ್ತಿದ್ದರು. ಮೀನು, ಮರಗೆಣಸು, ಆನೆದಂತ ಅವರ ಸರಕು. ಗುಲಾಮರೂ ಅವರ ಸರಕೇ ಆಗಿದ್ದರು, ಅದನ್ನು ಮರೆಮಾಚಬೇಕಾಗಿಲ್ಲ. ದಡದ ಹತ್ತಾರು ಭಾಷೆಗಳ ಜನ ಚೌಕಾಸಿ ಮಾಡಲು ಅವರ ಮಾತನ್ನೇ ಬಳಸಿದರು. ಮುಂದೆ ಆ ಮಾತಿನ ಬುಡದಿಂದಲೇ ಲಿಂಗಾಲಾ ಭಾಷೆ ಬೆಳೆಯಿತು. ಇಂದು ಕೋಟ್ಯಂತರ ಜನ ಆಡುವ, ಹಾಡುವ ಭಾಷೆಯದು. ಪಂಡಿತರ ನೆರವಿಲ್ಲದೆ, ಮೀನಿನ ಬೆಲೆ ಕೇಳುತ್ತ ಕೇಳುತ್ತ ಒಂದು ಭಾಷೆ ಹುಟ್ಟಿತಲ್ಲ ಎಂದು ನನಗೆ ಈಗಲೂ ಬೆರಗು.

ಇಷ್ಟು ದೊಡ್ಡ ದಾರಿಗೆ ಸಮುದ್ರದ ಕಡೆ ಬೀಗ ಬಿದ್ದಿದೆ. ಕಿನ್ಶಾಸಾ ಮತ್ತು ಮಟಾಡಿ ಬಂದರಿನ ನಡುವೆ ಲಿವಿಂಗ್‌ಸ್ಟನ್ ಜಲಪಾತಗಳ ಸಾಲಿದೆ. ಅಲ್ಲಿ ಹಡಗು ಸಾಗದು. ಮೊದಲ ಸ್ಟೀಮರುಗಳನ್ನು ಬಿಡಿಭಾಗಗಳಾಗಿ ಕಳಚಿ ಕೂಲಿಗಳಿಂದ ಹೊರಿಸಿದರು. ಆಮೇಲೆ ರೈಲು ಬಂತು. 1898ರಲ್ಲಿ ಆ ಹಳಿ ಮುಗಿಯುವಷ್ಟರಲ್ಲಿ ಅಪಾರ ಸಂಖ್ಯೆಯ ಕೂಲಿಗಳು ಸತ್ತಿದ್ದರು. ಬೀಗ ತೆಗೆದದ್ದು ಬೆಲ್ಜಿಯಂ ದೊರೆ ಎರಡನೇ ಲಿಯೊಪೋಲ್ಡ್‌ಗಾಗಿ. ನದಿಯ ಲೆಕ್ಕ ಅಲ್ಲಿಂದ ಬದಲಾಯಿತು. ಹಡಗು ಕಂಪನಿಯೊಂದರ ಗುಮಾಸ್ತನಾಗಿದ್ದ ಇ.ಡಿ. ಮೊರೆಲ್ ಅದನ್ನು ಆ್ಯಂಟ್‌ವರ್ಪ್ ಬಂದರಿನಲ್ಲಿ ಪತ್ತೆಹಚ್ಚಿದ. ಕಾಂಗೋದಿಂದ ಹಡಗು ತುಂಬ ರಬ್ಬರು, ದಂತ ಬರುತ್ತಿದ್ದವು. ಅತ್ತ ಹೋಗುತ್ತಿದ್ದುದರಲ್ಲಿ ಹೆಚ್ಚಿನದು ಬಂದೂಕು, ಮದ್ದುಗುಂಡು. ಬೆಲೆಯೇ ಕೊಡದೆ ಇಷ್ಟು ಸರಕು ಬರಬೇಕಾದರೆ ಅಲ್ಲಿ ನಡೆಯುತ್ತಿರುವುದು ವ್ಯಾಪಾರವಲ್ಲ, ಬಲವಂತದ ದುಡಿಮೆ ಎಂದು ಅವನು ತೀರ್ಮಾನಿಸಿದ.

ಮೊರೆಲ್‌ನ ಆ ಲೆಕ್ಕವೇ ನನಗೆ ನದಿಯನ್ನು ನೋಡುವ ಕಣ್ಣು ಕೊಟ್ಟಿತು. ಮೇಲಕ್ಕೆ ಏನು ಹೋಗುತ್ತದೆ, ಕೆಳಕ್ಕೆ ಏನು ಬರುತ್ತದೆ? ಕಿನ್ಶಾಸಾದ ಅಂಗಡಿಯೊಂದರಲ್ಲಿ ಕೆಲ ವರ್ಷ ಲೆಕ್ಕ ಬರೆದು ಬಂದ ನನ್ನ ಗೆಳೆಯನನ್ನು ಇದನ್ನೇ ಕೇಳಿದೆ. "ಮೇಲೆ ಹೋಗುವುದು ಉಪ್ಪು, ಸೋಪು, ಬಟ್ಟೆ, ಮಾತ್ರೆ, ಸೈಕಲ್ಲು. ಇಳಿದು ಬರುವುದು ಒಣಮೀನು, ಜೋಳ, ತಾಳೆಎಣ್ಣೆ, ಇದ್ದಿಲು," ಅಂದ. ದೋಣಿ ಯಾವಾಗ ಹೊರಡುತ್ತದೆ ಎಂದರೆ ನಕ್ಕ. "ಟೈಮ್‌ಟೇಬಲ್ ಎಲ್ಲಿಂದ ಬಂತು ಮಾರಾಯ! ತುಂಬಿದ ದಿನ ಹೊರಡ್ತದೆ." ಸರಕಿನ ಮೇಲೆಯೇ ಜನ ಮಲಗುತ್ತಾರೆ, ಅಡುಗೆ ಮಾಡುತ್ತಾರೆ, ಆಡು ಕೋಳಿ ಕಟ್ಟುತ್ತಾರೆ. ದಡದ ಹಳ್ಳಿಯವರು ಮರದ ದೋಣಿಗಳಲ್ಲಿ ಬಂದು, ಸಾಗುತ್ತಿರುವ ಹಡಗಿನ ಪಕ್ಕಕ್ಕೇ ಅಂಟಿಕೊಂಡು ವ್ಯಾಪಾರ ಮುಗಿಸಿ ಹೋಗುತ್ತಾರೆ.

ಇದು ನಿಂತರೆ ಏನಾಗುತ್ತದೆ ಎಂಬುದನ್ನು ಅಲ್ಲಿನ ಜನ ಕಂಡಿದ್ದಾರೆ. 1998ರಲ್ಲಿ ಶುರುವಾದ ಯುದ್ಧದಲ್ಲಿ ಕಿಸಂಗಾನಿ ಸರ್ಕಾರದ ಕೈತಪ್ಪಿತು, ರಾಜಧಾನಿಯ ಜೊತೆಗಿನ ನದಿ ಸಂಚಾರ ವರ್ಷಗಟ್ಟಲೆ ಕಡಿದುಹೋಯಿತು. ರಸ್ತೆಗಳನ್ನು ಅಷ್ಟರಲ್ಲಾಗಲೇ ಕಾಡು ನುಂಗಿತ್ತು. ನದಿಯೊಂದೇ ದಾರಿಯಾದ ಊರಿಗೆ ದೋಣಿ ಬಾರದಿದ್ದರೆ ಉಪ್ಪೂ ಇಲ್ಲ, ಔಷಧವೂ ಇಲ್ಲ. ಬೆಳೆದದ್ದನ್ನು ಕೊಳ್ಳುವವರೂ ಇಲ್ಲ.

ದೋಣಿಗಳು ಈಗ ಮತ್ತೆ ಓಡಾಡುತ್ತಿವೆ. ಸುರಕ್ಷಿತವಾಗಿ ಎನ್ನುವಂತಿಲ್ಲ. ಮಿತಿಮೀರಿ ಹೇರಿಕೊಂಡು, ದೀಪವಿಲ್ಲದೆ ಕತ್ತಲಲ್ಲಿ ಸಾಗಿ ಮಗುಚಿದ ಸುದ್ದಿ ವರ್ಷಕ್ಕೆ ಹಲವು ಸಲ ಬರುತ್ತದೆ. ಪ್ರಯಾಣಿಕರ ಪಟ್ಟಿಯೇ ಇರದ ಕಾರಣ ಎಷ್ಟೋ ಸಲ ಸತ್ತವರ ಲೆಕ್ಕವೂ ಸಿಗುವುದಿಲ್ಲ. ಒಂದು ಕಾಲದಲ್ಲಿ ರಬ್ಬರಿನ ಒಂದೊಂದು ಬುಟ್ಟಿಯನ್ನೂ ತೂಗಿ ಬರೆದಿಟ್ಟ ನದಿಯಿದು. ಇವತ್ತು ಅದರ ಮೇಲೆ ಹೋಗುವ ಮನುಷ್ಯರ ಹೆಸರನ್ನು ಬರೆದುಕೊಳ್ಳಲು, ತಲೆಗೊಂದು ಲೈಫ್ ಜಾಕೆಟ್ ಕೊಡಲು, ಬಂಡೆ ಮರಳದಿಣ್ಣೆಗಳಿಗೆ ಗುರುತು ನೆಡಲು ಎಷ್ಟು ಖರ್ಚಾದೀತು?